ಕಿರು ವಿಮಾನಗಳ ಎಂಜಿನನ್ನು ಹದಗೊಳಿಸಿದ ಬಗೆ: ಒಂದು ಐತಿಹಾಸಿಕ ವಿವೇಚನೆ

೧

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವರು. ಯಂತ್ರವನ್ನು ಕಂಡುಹಿಡಿದವರಾರು? ಅದರಿಂದ ಜನಜೀವನದಲ್ಲಿ ಉಂಟಾದ ಬದಲಾವಣೆಗಳಾವುವು? ಈ ಎರಡರ ನಡುವೆ ಮೂರನೆಯ ಪ್ರಶ್ನೆಯೊಂದು ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ಕಂಡುಹಿಡಿದ ಯಂತ್ರವನ್ನು ಹದಕ್ಕೆ ತಂದವರಾರು, ಯಾವ ತಿಳಿವಳಿಕೆಯ ಬಲದಿಂದ ತಂದರು ಎಂಬುದೇ ಆ ಪ್ರಶ್ನೆ. ಎಂಜಿನೊಂದು ಓಡುವುದಕ್ಕೂ ಚೆನ್ನಾಗಿ ಓಡುವುದಕ್ಕೂ ಬಹಳ ಅಂತರವಿದೆ. ಆ ಅಂತರವನ್ನು ದಾಟಿಸಿದವರ ಹೆಸರುಗಳು ಸರ್ಕಾರದ ಪೇಟೆಂಟ್ ಕಡತಗಳಲ್ಲಿ ವಿರಳ. ಪಠ್ಯಗ್ರಂಥಗಳಲ್ಲಂತೂ ಇನ್ನೂ ವಿರಳ.

ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಅತಿ ಸಣ್ಣದಾದ ಒಂದು ಯಂತ್ರದ ಮೂಲಕ ಪರಿಶೀಲಿಸಲು ಯತ್ನಿಸಿದ್ದೇವೆ. ಮಾದರಿ ವಿಮಾನಗಳನ್ನು ಹಾರಿಸುವ, ಅಂಗೈಯಲ್ಲಿ ಅಡಗಬಲ್ಲ ಎಂಜಿನೇ ಆ ಯಂತ್ರ. ಇದನ್ನು ಹುಡುಗರ ಆಟಿಕೆಯೆಂದು ಬದಿಗಿಡುವ ವಾಡಿಕೆಯುಂಟು. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಇದರಿಂದ ಎರಡು ಅನುಕೂಲಗಳಿವೆ. ಮೊದಲನೆಯದಾಗಿ, ಇದನ್ನು ಹದಗೊಳಿಸಿದವರಲ್ಲಿ ಬಹುಮಂದಿ ಹವ್ಯಾಸಿಗಳು. ಪ್ರಯೋಗಶಾಲೆಯ ಸೌಕರ್ಯವಿಲ್ಲದೆ ಮನೆಯ ಹಿತ್ತಿಲಿನಲ್ಲಿ ಅರ, ಲೇತು, ಅಳತೆಗೋಲುಗಳನ್ನಿಟ್ಟುಕೊಂಡು ದುಡಿದವರು. ಆದುದರಿಂದ ಕೈಕಸುಬಿಗೂ ಶಾಸ್ತ್ರಕ್ಕೂ ಇರುವ ಸಂಬಂಧವು ಇಲ್ಲಿ ಮರೆಯಿಲ್ಲದೆ ಕಾಣುತ್ತದೆ. ಎರಡನೆಯದಾಗಿ, ಈ ಯಂತ್ರದ ಹುಟ್ಟು, ಉತ್ಕರ್ಷ, ಇಳಿಗಾಲಗಳು ಸುಮಾರು ಒಂದು ಶತಮಾನದೊಳಗೆ ಸೇರಿವೆ. ಆದಿಯಿಂದ ಇಂದಿನವರೆಗೆ ಒಂದೇ ನೋಟದಲ್ಲಿ ನೋಡಲು ಸಾಧ್ಯವಾಗುತ್ತದೆ.

ನಮ್ಮ ವಾದವನ್ನು ಮೊದಲೇ ಸಂಗ್ರಹವಾಗಿ ಹೇಳಬಹುದು. ಈ ಎಂಜಿನನ್ನು ಹದಗೊಳಿಸುವ ದಾರಿಯನ್ನು ಘಟ್ಟಘಟ್ಟದಲ್ಲಿಯೂ ಗೊತ್ತುಮಾಡಿದುದು ಶಾಸ್ತ್ರವಲ್ಲ. ತೂಕ, ಯುದ್ಧಕಾಲದ ಅಭಾವ, ಸ್ಪರ್ಧೆಯ ನಿಯಮ ಎಂಬ ನಿರ್ಬಂಧಗಳು. ಶಾಸ್ತ್ರವು ಅನೇಕ ವೇಳೆ ಹಿಂದಿನಿಂದ ಬಂದು, ಕೈಯೂ ಕಿವಿಯೂ ಆಗಲೇ ಅರಿತಿದ್ದುದನ್ನು ವಿವರಿಸಿತು.

೨

ಮೊದಲಿಗೆ ಈ ಯಂತ್ರದ ತೊಡಕೇನು ಎಂಬುದನ್ನು ತಿಳಿಯುವುದು ಅವಶ್ಯಕ. ದೊಡ್ಡ ಎಂಜಿನನ್ನು ಎಲ್ಲ ಅಳತೆಗಳಲ್ಲಿಯೂ ಅರ್ಧಕ್ಕೆ ಇಳಿಸಿದರೆ ಸಿಲಿಂಡರಿನ ಗಾತ್ರವು ಎಂಟನೆಯ ಒಂದು ಭಾಗವಾಗುತ್ತದೆ. ಆದರೆ ಅದರ ಗೋಡೆಯ ವಿಸ್ತಾರವು ನಾಲ್ಕನೆಯ ಒಂದು ಭಾಗಕ್ಕೆ ಮಾತ್ರ ಇಳಿಯುತ್ತದೆ. ಅಂದರೆ ಎಂಜಿನು ಸಣ್ಣದಾದಷ್ಟೂ, ಹುಟ್ಟಿದ ಶಾಖದಲ್ಲಿ ಗೋಡೆಯ ಮೂಲಕ ವ್ಯರ್ಥವಾಗುವ ಪಾಲು ಹೆಚ್ಚುತ್ತದೆ. ಪಿಸ್ಟನ್ನಿನ ಪಕ್ಕದಿಂದ ಸೋರುವ ಅನಿಲದ ಪಾಲೂ ಹಾಗೆಯೇ ಹೆಚ್ಚುತ್ತದೆ. ಇಂಧನವು ಹರಿಯುವ ರಂಧ್ರವು ಸೂಜಿಯ ಮೊನೆಯಷ್ಟಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕಿಡಿಯನ್ನು ಹುಟ್ಟಿಸುವ ಕಾಯಿಲ್, ಬ್ಯಾಟರಿಗಳು ಎಂಜಿನಿನೊಡನೆ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ದೊಡ್ಡ ಎಂಜಿನಿನ ತಿಳಿವಳಿಕೆಯನ್ನು ಕಿರಿದು ಮಾಡಿದರೆ ಕಿರು ಎಂಜಿನಿನ ತಿಳಿವಳಿಕೆಯಾಗುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ಎಂಜಿನಿನಿಂದ ಹಾರಿದ ಮಾದರಿ ವಿಮಾನಗಳಲ್ಲಿ ಅಮೆರಿಕದ ಸ್ಯಾಮ್ಯುಅಲ್ ಲ್ಯಾಂಗ್ಲಿಯವರದು ಪ್ರಸಿದ್ಧವಾದುದು. ೧೮೯೬ರ ಮೇ ೬ರಂದು ಪೊಟೋಮ್ಯಾಕ್ ನದಿಯ ಮೇಲೆ ಅವರ ಐದನೆಯ ಯಂತ್ರವು ಉಗಿಯ ಬಲದಿಂದ ಸುಮಾರು ಒಂದು ಕಿಲೋಮೀಟರ್ ದೂರ ಹಾರಿತು. ಅದರ ರೆಕ್ಕೆಗಳ ಹರವು ಸುಮಾರು ನಾಲ್ಕು ಮೀಟರ್. ಮನುಷ್ಯನನ್ನು ಹೊತ್ತ ಲ್ಯಾಂಗ್ಲಿಯವರ ಯಂತ್ರವು ೧೯೦೩ರಲ್ಲಿ ನದಿಗೆ ಬಿದ್ದುದು ಸರ್ವವಿದಿತ. ಅದಕ್ಕೆ ಮುನ್ನವೇ, ೧೯೦೧ರಲ್ಲಿ, ಅದರ ನಾಲ್ಕನೆಯ ಒಂದಂಶದಷ್ಟು ಅಳತೆಯ ಮಾದರಿಯೊಂದು ಪೆಟ್ರೋಲ್ ಎಂಜಿನಿನಿಂದ ಹಾರಿತ್ತೆಂಬುದು ಅಷ್ಟಾಗಿ ಜನರಿಗೆ ತಿಳಿದಿಲ್ಲ. ಇಂಗ್ಲೆಂಡಿನಲ್ಲಿ ಡೇವಿಡ್ ಸ್ಟ್ಯಾಂಗರ್ ಎಂಬವರು ಎರಡು ಸಿಲಿಂಡರುಗಳ ಪೆಟ್ರೋಲ್ ಎಂಜಿನನ್ನು ತಾವೇ ಕಟ್ಟಿ, ೧೯೧೪ರಲ್ಲಿ ಅದರಿಂದ ಮಾದರಿಯೊಂದನ್ನು ೫೧ ಸೆಕೆಂಡುಗಳ ಕಾಲ ಹಾರಿಸಿದರು. ಈ ದಾಖಲೆಯನ್ನು ೧೯೩೨ರವರೆಗೆ ಯಾರೂ ಮುರಿಯಲಿಲ್ಲ. ಹದಿನೆಂಟು ವರ್ಷಗಳ ಈ ನಿಶ್ಚಲತೆಗೆ ಕಾರಣ ಆಸಕ್ತಿಯ ಅಭಾವವೆಂದು ಹೇಳಲಾಗದು. ಆ ಕಾಲದ ಹವ್ಯಾಸಿಗಳು ರಬ್ಬರು ಪಟ್ಟಿಯನ್ನು ಹೊಸೆದು ಹಾರಿಸುವ ವಿದ್ಯೆಯಲ್ಲಿ ಬಹಳ ಮುಂದುವರಿದಿದ್ದರು. ಎಂಜಿನು, ಕಾಯಿಲ್, ಬ್ಯಾಟರಿಗಳ ಒಟ್ಟು ತೂಕವನ್ನು ಹೊರಬಲ್ಲ ಹಗುರವಾದ ಮಾದರಿ ಸುಲಭವಾಗಿರಲಿಲ್ಲವೆಂಬುದೇ ನಿಜವಾದ ಕಾರಣವೆಂದು ನಮಗೆ ತೋರುತ್ತದೆ.

ಈ ತಡೆಯನ್ನು ಮುರಿದವರು ಅಮೆರಿಕದ ಫಿಲಡೆಲ್ಫಿಯದ ತರುಣರು. ವಿಲಿಯಂ ಬ್ರೌನ್ ರಚಿಸಿದ, ಸುಮಾರು ೧೦ ಘನ ಸೆಂಟಿಮೀಟರ್ ಗಾತ್ರದ ಎಂಜಿನನ್ನು ಬಳಸಿ ಅವರ ಗೆಳೆಯ ಮ್ಯಾಕ್ಸ್‌ವೆಲ್ ಬ್ಯಾಸೆಟ್ ೧೯೩೩ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ರಬ್ಬರು ಪಟ್ಟಿಯ ವಿಮಾನಗಳನ್ನು ಹಿಂದಕ್ಕೆ ತಳ್ಳಿ ಪಾರಿತೋಷಕಗಳನ್ನು ಗೆದ್ದನು. ಎಂಜಿನಿನ ವಿಮಾನಗಳಿಗೆ ಬೇರೆಯದೇ ಆದ ವರ್ಗವನ್ನು ಏರ್ಪಡಿಸಬೇಕಾಯಿತು. ‘ಬ್ರೌನ್ ಜೂನಿಯರ್’ ಎಂಬ ಹೆಸರಿನಿಂದ ಈ ಎಂಜಿನು ಮಾರುಕಟ್ಟೆಗೆ ಬಂದಮೇಲೆ ಹತ್ತಾರು ಕಾರ್ಖಾನೆಗಳು ಹುಟ್ಟಿಕೊಂಡವು. ಜಪಾನಿನ ಒಸಾಕದಲ್ಲಿ ಶಿಗೆಒ ಒಗಾವ ೧೯೩೬ರಲ್ಲಿ ಸ್ಥಾಪಿಸಿದ ಓ.ಎಸ್. ಕಾರ್ಖಾನೆಯೂ ಇದೇ ದಶಕದ್ದು.

ಆಟಿಕೆಯೆನಿಸಿದ ವಸ್ತುವು ಎಷ್ಟು ಬೇಗ ರಣರಂಗವನ್ನು ಸೇರಬಲ್ಲದೆಂಬುದಕ್ಕೆ ಇಲ್ಲಿಯೇ ಒಂದು ನಿದರ್ಶನವಿದೆ. ಹಾಲಿವುಡ್ಡಿನ ನಟ ರೆಜಿನಾಲ್ಡ್ ಡೆನಿ ಮಾದರಿ ವಿಮಾನಗಳ ಅಂಗಡಿಯೊಂದನ್ನು ನಡೆಸುತ್ತಿದ್ದನು. ಅದೇ ಆಸಕ್ತಿಯ ಫಲವಾಗಿ ಹುಟ್ಟಿದ ರೇಡಿಯೊಪ್ಲೇನ್ ಸಂಸ್ಥೆಯು ಎರಡನೆಯ ಮಹಾಯುದ್ಧದಲ್ಲಿ ಫಿರಂಗಿದಳದವರ ಗುರಿಯ ಅಭ್ಯಾಸಕ್ಕಾಗಿ ಸುಮಾರು ೧೫,೦೦೦ ಚಾಲಕರಹಿತ ವಿಮಾನಗಳನ್ನು ಒದಗಿಸಿತು.

೩

ಈಗ ಹದಗೊಳಿಸುವ ವಿಷಯಕ್ಕೆ ಬರೋಣ. ಯಾವ ಎಂಜಿನನ್ನೇ ಆಗಲಿ ಹದಗೊಳಿಸುವವನಿಗೆ ಮುಖ್ಯವಾದ ಪ್ರಶ್ನೆಯು ಒಂದೇ: ಸಿಲಿಂಡರಿನೊಳಗಿನ ಮಿಶ್ರಣವು ಯಾವ ಕ್ಷಣದಲ್ಲಿ ಹೊತ್ತಿಕೊಳ್ಳಬೇಕು? ಪಿಸ್ಟನ್ನು ಮೇಲಕ್ಕೆ ಬರುತ್ತಿರುವಾಗಲೇ ಬಹಳ ಬೇಗ ಹೊತ್ತಿಕೊಂಡರೆ ಅದು ಹಿಂದಕ್ಕೆ ತಳ್ಳಲ್ಪಟ್ಟು ಎಂಜಿನು ಕಾದು ಕೆಡುತ್ತದೆ; ತಡವಾಗಿ ಹೊತ್ತಿಕೊಂಡರೆ ಬಲವು ಹೊಗೆಯೊಡನೆ ಹೊರಗೆ ಹೋಗುತ್ತದೆ. ಈ ಕ್ಷಣವನ್ನು ಹಿಡಿತದಲ್ಲಿಟ್ಟುಕೊಳ್ಳುವ ಉಪಾಯವು ಮೂರು ಬಗೆಯ ಎಂಜಿನುಗಳಲ್ಲಿ ಮೂರು ಬಗೆಯಾಗಿದ್ದಿತು. ಈ ವ್ಯತ್ಯಾಸವನ್ನು ಗಮನಿಸದಿದ್ದರೆ ಮುಂದಿನ ಚರಿತ್ರೆಯು ಅರ್ಥವಾಗುವುದಿಲ್ಲ.

ಬ್ರೌನ್ ಜೂನಿಯರ್ ಮೊದಲಾದ ಕಿಡಿಯ ಎಂಜಿನುಗಳಲ್ಲಿ ಇದಕ್ಕೊಂದು ಸನ್ನೆಕೋಲು ಇರುತ್ತಿದ್ದಿತು. ಅದನ್ನು ಆಚೆಗೋ ಈಚೆಗೋ ಸರಿಸಿದರೆ ಕಿಡಿಯು ಮುಂಚಿತವಾಗಿಯೋ ತಡವಾಗಿಯೋ ಹಾರುತ್ತಿದ್ದಿತು. ಹಿಡಿತವು ನೇರವಾದುದು, ಸುಲಭವಾದುದು. ಆದರೆ ಇದಕ್ಕೆ ತೆರಬೇಕಾದ ಬೆಲೆಯು ಕಾಯಿಲ್, ಕಂಡೆನ್ಸರ್, ಬ್ಯಾಟರಿಗಳ ತೂಕ.

ಎರಡನೆಯ ಬಗೆಯು ಸ್ವಿಟ್ಜರ್ಲೆಂಡಿನದು. ಅಲ್ಲಿನ ಅರ್ನ್ಸ್ಟ್ ಥಾಲ್‌ಹೈಮ್ ಈಥರನ್ನು ಬೆರೆಸಿದ ಇಂಧನದಿಂದ, ಕಿಡಿಯ ಸಹಾಯವಿಲ್ಲದೆ ಒತ್ತಡದಿಂದಲೇ ಹೊತ್ತಿಕೊಳ್ಳುವ ಕಿರು ಎಂಜಿನಿಗೆ ೧೯೨೮ರಲ್ಲಿ ಪೇಟೆಂಟ್ ಪಡೆದನು. ೧೯೪೧ರಲ್ಲಿ ಕ್ಲೆಮೆಂಟ್ಸ್-ಶೆಂಕ್ ಅವರ ‘ಡೈನೊ’ ಎಂಬ, ಸುಮಾರು ೨ ಘನ ಸೆಂಟಿಮೀಟರಿನ ಎಂಜಿನು ಮಾರಾಟಕ್ಕೆ ಬಂದಿತು. ಇಂತಹ ಎಂಜಿನುಗಳಿಗೆ ರೂಢಿಯಲ್ಲಿ ‘ಡೀಸೆಲ್’ ಎಂಬ ಹೆಸರು ನಿಂತಿದೆ. ವಾಸ್ತವವಾಗಿ ಇವು ಡೀಸೆಲ್ ಎಂಜಿನುಗಳಲ್ಲ. ಡೀಸೆಲ್ ಎಂಜಿನಿನಲ್ಲಿ ಗಾಳಿಯನ್ನು ಮಾತ್ರ ಒತ್ತಿ ಅನಂತರ ಇಂಧನವನ್ನು ಚಿಮ್ಮಿಸಲಾಗುತ್ತದೆ, ಇಲ್ಲಿಯಾದರೋ ಗಾಳಿ-ಇಂಧನಗಳೆರಡೂ ಮೊದಲೇ ಬೆರೆತು ಒಳಸೇರುವುವು. ಈಥರು, ಸೀಮೆಎಣ್ಣೆ, ಹರಳೆಣ್ಣೆಗಳನ್ನು ಹೆಚ್ಚುಕಡಮೆ ಸಮಪಾಲಿನಲ್ಲಿ ಬೆರೆಸಿ ಇದಕ್ಕೆ ಇಂಧನವನ್ನು ಮಾಡುವರು. ಈಥರು ಕಡಮೆ ಉಷ್ಣತೆಯಲ್ಲಿಯೇ ತಾನಾಗಿ ಹೊತ್ತಿಕೊಳ್ಳುವುದು, ಸೀಮೆಎಣ್ಣೆ ಬಲವನ್ನು ಕೊಡುವುದು, ಹರಳೆಣ್ಣೆ ಕೀಲುಗಳಿಗೆ ಜಾರಿಕೆಯನ್ನು ಕೊಡುವುದು. ಸಿಲಿಂಡರಿನ ತಲೆಯಲ್ಲಿರುವ ತಿರುಪನ್ನು ಬಿಗಿದಂತೆ ಒತ್ತಡವು ಏರಿ ಮಿಶ್ರಣವು ಬೇಗ ಹೊತ್ತಿಕೊಳ್ಳುತ್ತದೆ. ಇಲ್ಲಿ ಹಿಡಿತವು ತಿರುಪಿನಲ್ಲಿದೆ. ಎಂಜಿನು ಓಡುತ್ತಿರುವಾಗಲೇ ಅದನ್ನು ತಿರುಗಿಸಿ ಹದವನ್ನು ನೋಡಬಹುದು. ಯುದ್ಧಕಾಲದ ಯುರೋಪಿನಲ್ಲಿ ಬ್ಯಾಟರಿ, ಕಾಯಿಲ್‌ಗಳ ಗೊಡವೆಯಿಲ್ಲದ ಈ ಯಂತ್ರವು ಹರಡಿದುದರಲ್ಲಿ ಆಶ್ಚರ್ಯವಿಲ್ಲ. ಯುದ್ಧಾನಂತರ ಇಂಗ್ಲೆಂಡಿನಲ್ಲಿ ೧೯೪೬ರಲ್ಲಿ ಬಂದ ‘ಮಿಲ್ಸ್’ ಎಂಜಿನು ಈ ಬಗೆಯದೇ.

ಮೂರನೆಯ ಬಗೆಯು ಅಮೆರಿಕದ್ದು. ನ್ಯೂಯಾರ್ಕಿನ ರೇ ಆರ್ಡೆನ್ ೧೯೪೭ರಲ್ಲಿ ಮಾರುಕಟ್ಟೆಗೆ ತಂದ ‘ಗ್ಲೋ ಪ್ಲಗ್’ ನೋಡಲು ಕಿಡಿಯ ಪ್ಲಗ್ಗಿನಂತೆಯೇ ಇದ್ದರೂ ಅದರೊಳಗೆ ಇರುವುದು ಪ್ಲಾಟಿನಮ್ಮಿನ ಸಣ್ಣ ತಂತಿಯ ಸುರುಳಿ. ಮೊದಲಲ್ಲಿ ಒಂದೂವರೆ ವೋಲ್ಟಿನ ಬ್ಯಾಟರಿಯಿಂದ ಸುರುಳಿಯನ್ನು ಕೆಂಪಗೆ ಕಾಯಿಸುವರು. ಎಂಜಿನು ಹೊರಟಮೇಲೆ ಬ್ಯಾಟರಿಯನ್ನು ತೆಗೆದುಬಿಡುವರು. ಉರಿಯುವಿಕೆಯ ಶಾಖ, ಮೆಥನಾಲಿನ ಆವಿಯ ಮೇಲೆ ಪ್ಲಾಟಿನಮ್ಮಿನ ರಾಸಾಯನಿಕ ಪ್ರಭಾವ ಇವೆರಡೂ ಸೇರಿ ಸುರುಳಿಯನ್ನು ಕೆಂಪಾಗಿಯೇ ಇಡುವುವು. ಹಾರುವ ವಿಮಾನವು ಕಾಯಿಲನ್ನಾಗಲಿ ಬ್ಯಾಟರಿಯನ್ನಾಗಲಿ ಹೊರಬೇಕಾಗಿಲ್ಲ. ಕೆಲವೇ ವರ್ಷಗಳಲ್ಲಿ ಕಿಡಿಯ ಎಂಜಿನು ಹಿನ್ನೆಲೆಗೆ ಸರಿಯಿತು.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕು. ತೂಕವು ಇಳಿದುದು ಲಾಭವಾದರೂ, ಹೊತ್ತಿಕೊಳ್ಳುವ ಕ್ಷಣದ ಮೇಲಿದ್ದ ನೇರವಾದ ಹಿಡಿತವು ಕೈಬಿಟ್ಟಿತು. ಗ್ಲೋ ಎಂಜಿನಿನಲ್ಲಿ ಸನ್ನೆಕೋಲೂ ಇಲ್ಲ, ತಿರುಪೂ ಇಲ್ಲ. ಕ್ಷಣವನ್ನು ಗೊತ್ತುಮಾಡುವುದು ಸಿಲಿಂಡರಿನ ಒತ್ತಡ, ಸುರುಳಿಯ ಶಾಖ, ಇಂಧನದ ಘಟಕಗಳು, ಮಿಶ್ರಣದ ದಟ್ಟತೆ ಇವೆಲ್ಲವೂ ಕೂಡಿ. ಒಂದನ್ನು ಬದಲಾಯಿಸಿದರೆ ಉಳಿದುವನ್ನೂ ಬದಲಾಯಿಸಬೇಕು. ಹದಗೊಳಿಸುವುದು ಒಂದು ವಿಶೇಷ ವಿದ್ಯೆಯಾಗಿ ಬೆಳೆದುದು ಈ ನಷ್ಟದಿಂದಲೇ ಎಂಬುದು ನಮ್ಮ ಅಭಿಪ್ರಾಯ. ಸುಲಭವಾದ ಉಪಾಯವೊಂದು ಕಳೆದುಹೋದಾಗ ಜನರು ಎಂಜಿನಿನ ಒಳಗುಟ್ಟನ್ನು ಹೆಚ್ಚು ಸೂಕ್ಷ್ಮವಾಗಿ ಅರಿಯಬೇಕಾಯಿತು.

೪

ಈ ವಿದ್ಯೆಯ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡೋಣ. ಇಂಧನವನ್ನು ಒಳಬಿಡುವ ಸೂಜಿ ಕವಾಟವೇ ಹವ್ಯಾಸಿಯ ಮುಖ್ಯ ಸಾಧನ. ಕವಾಟವನ್ನು ಹೆಚ್ಚು ತೆರೆದರೆ ಮಿಶ್ರಣವು ದಟ್ಟವಾಗುತ್ತದೆ. ಆಗ ಎರಡು ಸ್ಟ್ರೋಕಿನ ಎಂಜಿನು ಪ್ರತಿ ಸುತ್ತಿಗೂ ಹೊತ್ತಿಕೊಳ್ಳುವ ಬದಲು ಸುತ್ತು ಬಿಟ್ಟು ಸುತ್ತಿಗೆ ಹೊತ್ತಿಕೊಂಡು ಒಡಕು ದನಿಯಲ್ಲಿ ಗುಡುಗುಡಿಸುತ್ತದೆ. ಸೂಜಿಯನ್ನು ಮೆಲ್ಲಮೆಲ್ಲನೆ ಒಳತಿರುಗಿಸಿದಂತೆ ಒಂದು ಹಂತದಲ್ಲಿ ದನಿಯು ಒಮ್ಮೆಗೇ ಏರಿ ಒಂದೇ ಎಳೆಯಾಗುತ್ತದೆ. ಇನ್ನೂ ತಿರುಗಿಸಿದರೆ ಮಿಶ್ರಣವು ತೆಳುವಾಗಿ, ಜಾರಿಕೆಯ ಎಣ್ಣೆಯೂ ಅದರೊಡನೆ ಕಡಮೆಯಾಗಿ, ಎಂಜಿನು ಕಾದು ಕುಂಠಿತವಾಗುತ್ತದೆ. ಅನುಭವಿಗಳು ಅತ್ಯುಚ್ಚವಾದ ದನಿಯಲ್ಲಿ ನಿಲ್ಲಿಸದೆ ಅದಕ್ಕಿಂತ ತುಸು ದಟ್ಟವಾಗಿಯೇ ಬಿಡುವರು. ನೆಲದಿಂದ ಬಿಡಿಸಿಕೊಂಡ ವಿಮಾನವು ವೇಗವಾಗಿ ಮುನ್ನುಗ್ಗಿದಾಗ ಪ್ರೊಪೆಲರಿನ ಹೊರೆಯು ಇಳಿದು ಸುತ್ತುಗಳು ಹೆಚ್ಚುವುವು. ಮೂತಿಯು ಮೇಲಾದಾಗ ಇಂಧನದ ಮಟ್ಟವೂ ಇಳಿಯುವುದು. ಆಗ ಮಿಶ್ರಣವು ತಾನಾಗಿ ತೆಳುವಾಗಿ ಸರಿಯಾದ ಹದಕ್ಕೆ ಬರುತ್ತದೆ. ನೆಲದ ಮೇಲೆಯೇ ಪೂರ್ಣ ಹದಕ್ಕೆ ತಂದ ಎಂಜಿನು ಗಗನದಲ್ಲಿ ಹದ ಮೀರುವುದು. ಇದನ್ನು ಪರೀಕ್ಷಿಸಲು ಇಂಧನದ ರಬ್ಬರು ನಳಿಕೆಯನ್ನು ಬೆರಳಿನಿಂದ ಕ್ಷಣಕಾಲ ಹಿಸುಕುವ ರೂಢಿಯಿದೆ. ಹಿಸುಕಿದಾಗ ದನಿಯು ಏರಿದರೆ ಮಿಶ್ರಣವು ತುಸು ದಟ್ಟವಾಗಿದೆ, ಹಾರಿಸಬಹುದು. ಏರದೆ ಕುಗ್ಗಿದರೆ ಆಗಲೇ ತೆಳುವಾಗಿದೆ, ಹಾರಿಸಬಾರದು.

ಎರಡನೆಯ ಸಾಧನವು ಸಿಲಿಂಡರಿನ ತಲೆಯ ಕೆಳಗಿಡುವ ತೆಳುವಾದ ತಗಡಿನ ಬಳೆಗಳು. ಒಂದು ಬಳೆಯನ್ನು ತೆಗೆದರೆ ಒತ್ತಡ ಹೆಚ್ಚಿ ಹೊತ್ತಿಕೊಳ್ಳುವುದು ಮುಂಚಿತವಾಗುತ್ತದೆ, ಸೇರಿಸಿದರೆ ತಡವಾಗುತ್ತದೆ. ಒತ್ತಡವು ಮಿತಿಮೀರಿದುದಕ್ಕೆ ಪ್ಲಗ್ಗೇ ಸಾಕ್ಷಿ ನುಡಿಯುತ್ತದೆ: ಬಿಚ್ಚಿ ನೋಡಿದರೆ ಸುರುಳಿಯು ಸೊಟ್ಟಗಾಗಿಯೋ ತುಂಡಾಗಿಯೋ ಇರುತ್ತದೆ.

ಮೂರನೆಯದು ಇಂಧನ. ಒಂದು ಭಾಗ ಪೆಟ್ರೋಲನ್ನು ಪೂರ್ಣವಾಗಿ ಉರಿಸಲು ತೂಕದಲ್ಲಿ ೧೫ ಭಾಗಕ್ಕೆ ಸಮೀಪವಾದಷ್ಟು ಗಾಳಿ ಬೇಕು. ಮೆಥನಾಲಿಗೆ ಸುಮಾರು ಆರೂವರೆ ಭಾಗ ಸಾಕು. ನೈಟ್ರೊಮೀಥೇನ್ ಎಂಬ ದ್ರವಕ್ಕೆ ಎರಡು ಭಾಗಕ್ಕೂ ಕಡಮೆ, ಸುಮಾರು ೧.೭ ಭಾಗ ಮಾತ್ರ. ಏಕೆಂದರೆ ಅದರ ಅಣುವಿನಲ್ಲಿಯೇ ಆಮ್ಲಜನಕವು ಅಡಗಿದೆ. ಎಂಜಿನು ಒಂದು ಸುತ್ತಿನಲ್ಲಿ ಒಳಗೆಳೆದುಕೊಳ್ಳಬಲ್ಲ ಗಾಳಿಗೆ ಮಿತಿಯಿರುವುದರಿಂದ, ಅದೇ ಗಾಳಿಯಲ್ಲಿ ಹೆಚ್ಚು ಇಂಧನವನ್ನು ಉರಿಸಬಲ್ಲ ನೈಟ್ರೊಮೀಥೇನ್ ಬಲವನ್ನು ಹೆಚ್ಚಿಸುತ್ತದೆ. ಆದರೆ ಅದನ್ನು ಹೆಚ್ಚಿಸಿದವರು ಒತ್ತಡವನ್ನು ಇಳಿಸಬೇಕು, ಸೂಜಿಯನ್ನು ತೆರೆಯಬೇಕು, ಪ್ಲಗ್ಗನ್ನೂ ಬದಲಾಯಿಸಬೇಕಾಗಬಹುದು. ಒಂದು ತಂತಿಯನ್ನು ಬಿಗಿದರೆ ಉಳಿದ ತಂತಿಗಳನ್ನೂ ಮತ್ತೆ ನೋಡಿಕೊಳ್ಳಬೇಕಾದ ವೈಣಿಕನ ಸ್ಥಿತಿಯೇ ಇಲ್ಲಿಯದು.

ಕ್ಯಾಲಿಫೋರ್ನಿಯದ ಲೆರಾಯ್ ಕಾಕ್ಸ್ ಸಂಸ್ಥೆಯು ಈ ವಿದ್ಯೆಯನ್ನು ಸಾವಿರಾರು ಮನೆಗಳಿಗೆ ಮುಟ್ಟಿಸಿತು. ೧೯೫೬ರಲ್ಲಿ ಬಂದ ‘ಬೇಬ್ ಬೀ’ ಎಂಜಿನಿನ ಗಾತ್ರ ಸುಮಾರು ೦.೮ ಘನ ಸೆಂಟಿಮೀಟರ್. ಬಿಲ್ ಆಟ್‌ವುಡ್ ರಚಿಸಿ ೧೯೬೧ರಲ್ಲಿ ಹೊರಬಂದ ‘ಟೀ ಡೀ’ ಸರಣಿಯ ಅತಿ ಸಣ್ಣ ಎಂಜಿನು ಒಂದು ಘನ ಸೆಂಟಿಮೀಟರಿನ ಆರನೆಯ ಒಂದು ಭಾಗದಷ್ಟಿದ್ದಿತು. ಇಷ್ಟು ಸಣ್ಣ ಸಿಲಿಂಡರಿನಲ್ಲಿ ಪಿಸ್ಟನ್ನಿಗೆ ಉಂಗುರಗಳನ್ನು ತೊಡಿಸಲಾಗದು. ಪಿಸ್ಟನ್ನೂ ಸಿಲಿಂಡರೂ ಎಷ್ಟು ನಿಖರವಾಗಿ ಹೊಂದಬೇಕೆಂದರೆ ನಡುವಿನ ಎಣ್ಣೆಯ ಪದರವೇ ಸೋರಿಕೆಯನ್ನು ತಡೆಯಬೇಕು. ಇದು ಕಾರ್ಖಾನೆಯ ನಿಖರತೆಯು ಹವ್ಯಾಸಿಯ ಕೈಯನ್ನು ಮೀರಿದ ಘಟ್ಟವೆಂದು ಹೇಳಬಹುದು. ಆದರೂ ಕೊಂಡುತಂದ ಎಂಜಿನನ್ನು ಹದಗೊಳಿಸುವ ಹೊಣೆಯು ಹವ್ಯಾಸಿಯ ಕಿವಿಗೇ ಉಳಿಯಿತು.

೫

ಸ್ಪರ್ಧೆಯ ನಿಯಮವು ತಂತ್ರಜ್ಞಾನವನ್ನು ಹೇಗೆ ತಿರುಗಿಸಬಲ್ಲದೆಂಬುದಕ್ಕೆ ಮುಂದಿನ ಅಧ್ಯಾಯವು ಸಾಕ್ಷಿ. ತಂತಿಗೆ ಕಟ್ಟಿ ವೃತ್ತಾಕಾರವಾಗಿ ಹಾರಿಸುವ ವೇಗ ಸ್ಪರ್ಧೆಯ ಅಂತರರಾಷ್ಟ್ರೀಯ ವರ್ಗದಲ್ಲಿ ಎಂಜಿನಿನ ಗಾತ್ರವು ೨.೫ ಘನ ಸೆಂಟಿಮೀಟರನ್ನು ಮೀರಬಾರದು. ಇಂಧನವೂ ಎಲ್ಲರಿಗೂ ಒಂದೇ ಆಗಿರಬೇಕೆಂದು, ೮೦ ಪಾಲು ಮೆಥನಾಲು ೨೦ ಪಾಲು ಹರಳೆಣ್ಣೆಯ ಮಿಶ್ರಣವನ್ನು ಗೊತ್ತುಮಾಡಲಾಯಿತು. ನೈಟ್ರೊಮೀಥೇನಿನ ಬಾಗಿಲು ಮುಚ್ಚಿತು. ರಸಾಯನದಿಂದ ಬಲವನ್ನು ಪಡೆಯುವಂತಿಲ್ಲವಾದಮೇಲೆ ಉಳಿದ ದಾರಿ ಅನಿಲಗಳ ಓಟವನ್ನು ತಿದ್ದುವುದು. ಕೊಳವೆಯ ವಿದ್ಯೆಯು ಈ ವರ್ಗದಲ್ಲಿಯೇ ಬಲಿತುದು ಆಕಸ್ಮಿಕವಲ್ಲವೆಂದು ನಾವು ಭಾವಿಸುತ್ತೇವೆ.

ಆದರೆ ಆ ವಿದ್ಯೆಯು ರೂಪುಗೊಂಡುದು ಮಾದರಿ ವಿಮಾನಗಳಲ್ಲಲ್ಲ, ಪೂರ್ವ ಜರ್ಮನಿಯ ಚೋಪೌ ಎಂಬ ಊರಿನ ಮೋಟಾರ್ ಸೈಕಲ್ ಕಾರ್ಖಾನೆಯಲ್ಲಿ. ಯುದ್ಧಕ್ಕೆ ಮೊದಲು ಡಿ.ಕೆ.ಡಬ್ಲ್ಯು. ಎಂದೂ ಅನಂತರ ಎಂ.ಜೆಡ್. ಎಂದೂ ಹೆಸರಾದ ಈ ಕಾರ್ಖಾನೆಯು ಎರಡು ಸ್ಟ್ರೋಕಿನ ಎಂಜಿನಿನ ಚರಿತ್ರೆಯಲ್ಲಿ ಎರಡು ಸಲ ಕಾಣಿಸಿಕೊಳ್ಳುತ್ತದೆ. ಅಡಾಲ್ಫ್ ಶ್ನ್ಯೂರ್ಲೆ ೧೯೨೦ರ ದಶಕದಲ್ಲಿ ಕಂಡುಹಿಡಿದ ದ್ವಾರವಿನ್ಯಾಸವನ್ನು ೧೯೩೦ರ ದಶಕದಲ್ಲಿ ಮೋಟಾರ್ ಸೈಕಲ್ಲುಗಳಿಗೆ ಅಳವಡಿಸಿ ಪ್ರಸಿದ್ಧಿಗೆ ತಂದುದು ಇದೇ ಸಂಸ್ಥೆ. ಒಳಬರುವ ಹೊಸ ಮಿಶ್ರಣವನ್ನು ಹೊರದ್ವಾರಕ್ಕೆ ಎದುರಾಗಿ, ಹಿಂಬದಿಯ ಗೋಡೆಯತ್ತ ಹಾಯಿಸಿ, ಅದು ಸುತ್ತಿ ಬರುವಷ್ಟರಲ್ಲಿ ಹಳೆಯ ಹೊಗೆಯನ್ನು ಹೊರದೂಡುವಂತೆ ಮಾಡುವುದೇ ಅದರ ಮರ್ಮ. ಎರಡನೆಯದು ವಾಲ್ಟರ್ ಕಾಡೆನ್ ಅವರ ಕೊಳವೆ. ಯುದ್ಧಕಾಲದಲ್ಲಿ ಹೆನ್ಷೆಲ್ ಸಂಸ್ಥೆಯಲ್ಲಿ ಕ್ಷಿಪಣಿಗಳ ಕೆಲಸದಲ್ಲಿದ್ದ ಕಾಡೆನ್ ೧೯೫೩ರಿಂದ ಚೋಪೌದ ಪಂದ್ಯವಿಭಾಗವನ್ನು ನಡೆಸಿದರು.

ಕೊಳವೆಯ ತತ್ತ್ವವು ಹೀಗಿದೆ. ಹೊರದ್ವಾರವು ತೆರೆದೊಡನೆ ಒತ್ತಡದ ಅಲೆಯೊಂದು ಕೊಳವೆಯೊಳಗೆ ಶಬ್ದದ ವೇಗದಲ್ಲಿ ಓಡುತ್ತದೆ. ಕೊಳವೆಯು ಅಗಲವಾಗುವೆಡೆಯಲ್ಲಿ ಅದು ಇಳಿಯೊತ್ತಡದ ಅಲೆಯಾಗಿ ಹಿಂದಿರುಗಿ ಸಿಲಿಂಡರಿನ ಹೊಗೆಯನ್ನು ಹೀರುತ್ತದೆ. ಹಾಗೆ ಹೀರುವಾಗ ಸ್ವಲ್ಪ ಹೊಸ ಮಿಶ್ರಣವೂ ಕೊಳವೆಯೊಳಕ್ಕೆ ಬಂದುಬಿಡುತ್ತದೆ. ಮುಂದೆ ಕೊಳವೆಯು ಕಿರಿದಾಗುವೆಡೆಯಲ್ಲಿ ಅಲೆಯು ಏರೊತ್ತಡದಿಂದ ಹಿಂದಿರುಗಿ, ಸೋರಿಬಂದ ಮಿಶ್ರಣವನ್ನು ದ್ವಾರವು ಮುಚ್ಚುವ ಮುನ್ನ ಮತ್ತೆ ಒಳಕ್ಕೆ ತಳ್ಳುತ್ತದೆ. ಎಲ್ಲವೂ ಕಾಲಕ್ಕೆ ಸರಿಯಾಗಿ ನಡೆಯಬೇಕಾದರೆ ಕೊಳವೆಯ ಉದ್ದವು ಎಂಜಿನಿನ ಸುತ್ತಿಗೆ ಹೊಂದಬೇಕು. ಉದಾಹರಣೆಗಾಗಿ ನಿಮಿಷಕ್ಕೆ ೨೪,೦೦೦ ಸುತ್ತುಗಳ ಎಂಜಿನನ್ನು ತೆಗೆದುಕೊಳ್ಳೋಣ. ಸೆಕೆಂಡಿಗೆ ೪೦೦ ಸುತ್ತು. ಒಂದು ಸುತ್ತಿಗೆ ಸೆಕೆಂಡಿನ ಸಾವಿರದ ಎರಡೂವರೆ ಭಾಗ. ಹೊರದ್ವಾರವು ಅರ್ಧ ಸುತ್ತಿನ ಕಾಲ ತೆರೆದಿದ್ದರೆ ಅದರ ಅವಧಿ ಸಾವಿರದ ೧.೨೫ ಭಾಗ. ಬಿಸಿಯಾದ ಹೊಗೆಯಲ್ಲಿ ಅಲೆಯ ವೇಗವು ಸೆಕೆಂಡಿಗೆ ೫೦೦ ಮೀಟರೆಂದು ಹಿಡಿದರೆ ಆ ಅವಧಿಯಲ್ಲಿ ಅದು ೬೨ ಸೆಂಟಿಮೀಟರಿಗೆ ತುಸು ಮಿಕ್ಕು ಓಡುತ್ತದೆ. ಹೋಗಿಬರುವ ದಾರಿಯಾದುದರಿಂದ ಕೊಳವೆಯ ಉದ್ದವು ಅದರ ಅರ್ಧ, ಸುಮಾರು ೩೧ ಸೆಂಟಿಮೀಟರ್. ಲೆಕ್ಕವು ಇಷ್ಟು ಸರಳವಾದರೂ ಹೊಗೆಯ ನಿಜವಾದ ಉಷ್ಣತೆಯನ್ನು ಮೊದಲೇ ತಿಳಿಯಲಾಗದು. ಆದುದರಿಂದ ಹವ್ಯಾಸಿಗಳು ಲೆಕ್ಕಕ್ಕಿಂತ ಉದ್ದವಾಗಿ ಆರಂಭಿಸಿ ಮಿಲಿಮೀಟರು ಮಿಲಿಮೀಟರಾಗಿ ಕತ್ತರಿಸುತ್ತ ಶ್ರುತಿಯನ್ನು ಹಿಡಿಯುವರು.

ಕಾಡೆನ್‌ರ ೧೨೫ ಘನ ಸೆಂಟಿಮೀಟರಿನ ಎಂಜಿನು ೧೯೬೧ರ ಹೊತ್ತಿಗೆ ೨೫ ಅಶ್ವಶಕ್ತಿಯನ್ನು, ಅಂದರೆ ಲೀಟರಿಗೆ ೨೦೦ ಅಶ್ವಶಕ್ತಿಯನ್ನು ಕೊಟ್ಟಿತು. ಗಾಳಿಯನ್ನು ಒತ್ತಿ ತುಂಬುವ ಯಂತ್ರದ ನೆರವಿಲ್ಲದೆ ಈ ಪ್ರಮಾಣವನ್ನು ಮುಟ್ಟಿದುದರಲ್ಲಿ ಅದೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಕ್ರಿಸ್ಟಿಯನ್‌ಸ್ಟಾಡ್ ಪಂದ್ಯದ ವೇಳೆಯಲ್ಲಿ ಸಂಸ್ಥೆಯ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿದನು. ಆಗ ಅವನು ವಿಶ್ವ ಪ್ರಶಸ್ತಿಯ ಪಟ್ಟಿಯಲ್ಲಿ ಮುಂದಿದ್ದನು. ಮರುವರ್ಷ, ೧೯೬೨ರಲ್ಲಿ, ಅವನು ಜಪಾನಿನ ಸುಜುಕಿ ಸಂಸ್ಥೆಗೆ ೫೦ ಘನ ಸೆಂಟಿಮೀಟರಿನ ವಿಶ್ವ ಪ್ರಶಸ್ತಿಯನ್ನು ಗೆದ್ದುಕೊಟ್ಟನು. ಕೊಳವೆಯ ತಿಳಿವಳಿಕೆಯು ಅವನೊಡನೆ ಗಡಿಯನ್ನು ದಾಟಿತು. ಅದನ್ನು ರೂಪಿಸಿದ ಕಾಡೆನ್ ವಿಶ್ವ ಪ್ರಶಸ್ತಿಯಿಲ್ಲದೆ ಚೋಪೌದಲ್ಲಿಯೇ ಉಳಿದರು. ಜ್ಞಾನವನ್ನು ಹುಟ್ಟಿಸಿದವನಿಗೂ ಅದರ ಫಲವನ್ನುಂಡವನಿಗೂ ಇರುವ ದೂರಕ್ಕೆ ಇಷ್ಟು ನೇರವಾದ ನಿದರ್ಶನವು ತಂತ್ರಜ್ಞಾನದ ಚರಿತ್ರೆಯಲ್ಲಿ ಅಪರೂಪ.

೧೯೬೦ರ ದಶಕದಲ್ಲಿಯೇ ಶ್ರುತಿಗೊಳಿಸಿದ ಕೊಳವೆಯು ಮಾದರಿ ವಿಮಾನಗಳನ್ನು ಸೇರಿತು. ಅದನ್ನು ಬಳಕೆಗೆ ತಂದವರಲ್ಲಿ, ವೇಗ ಸ್ಪರ್ಧೆಯ ವಿಶ್ವವಿಜೇತನಾಗಿದ್ದ ಅಮೆರಿಕದ ಬಿಲ್ ವಿಸ್ನೀವ್‌ಸ್ಕಿಯ ಹೆಸರು ಮುಖ್ಯವಾದುದು. ಪಿಸ್ಟನ್ನನ್ನು ಅಲ್ಯೂಮಿನಿಯಮ್ಮಿನಿಂದಲೂ ಸಿಲಿಂಡರಿನ ಒಳಗೋಡೆಯನ್ನು ಕ್ರೋಮಿಯಂ ಲೇಪಿಸಿದ ಹಿತ್ತಾಳೆಯಿಂದಲೂ ಮಾಡುವ ಪದ್ಧತಿಯೊಡನೆಯೂ ಅವನ ಹೆಸರು ಸೇರಿಕೊಂಡಿದೆ. ಹಿತ್ತಾಳೆಯು ಕಾದಾಗ ಉಕ್ಕಿಗಿಂತ ಹೆಚ್ಚು ಹಿಗ್ಗಿ, ಅಲ್ಯೂಮಿನಿಯಂ ಪಿಸ್ಟನ್ನಿನ ಹಿಗ್ಗುವಿಕೆಗೆ ಜೊತೆಗೊಡುತ್ತದೆ. ತಣ್ಣಗಿರುವಾಗ ಸಿಲಿಂಡರಿನ ಮೇಲ್ಭಾಗವು ಪಿಸ್ಟನ್ನನ್ನು ಬಿಗಿಯಾಗಿ ಹಿಡಿಯುವುದು. ಕಾದಮೇಲೆ ಸರಿಯಾದ ಸಡಿಲಿಕೆ ತಾನಾಗಿ ಉಂಟಾಗುವುದು. ಶ್ನ್ಯೂರ್ಲೆಯ ದ್ವಾರ, ಕಾಡೆನ್‌ರ ಕೊಳವೆ, ಹಿತ್ತಾಳೆಯ ಸಿಲಿಂಡರು ಈ ಮೂರೂ ಕೂಡಿದಮೇಲೆ ಚಹದ ಚಮಚೆಯಷ್ಟೂ ಹಿಡಿಯದ ಸಿಲಿಂಡರಿನ ವಿಮಾನಗಳು ಕಾಲಕ್ರಮದಲ್ಲಿ ಗಂಟೆಗೆ ೩೦೦ ಕಿಲೋಮೀಟರ್ ವೇಗವನ್ನು ಮೀರಿದವು.

೬

ಹದವೆಂದರೆ ವೇಗವೊಂದೇ ಎಂದು ತಿಳಿಯುವುದು ತಪ್ಪಾದೀತು. ಅಮೆರಿಕದ ಮೇನಾರ್ಡ್ ಹಿಲ್ ಎಂಬವರು ಇದಕ್ಕೆ ವಿರುದ್ಧವಾದ ಗುರಿಯನ್ನಿಟ್ಟುಕೊಂಡರು. ಐದು ಕಿಲೋಗ್ರಾಮ್ ಮೀರದ ಮಾದರಿಯನ್ನು ಅಟ್ಲಾಂಟಿಕ್ ಸಾಗರದಾಚೆಗೆ ಹಾರಿಸುವುದು ಅವರ ಸಂಕಲ್ಪ. ಇದಕ್ಕೆ ಬೇಕಾದುದು ಬಲವಲ್ಲ, ಮಿತವ್ಯಯ. ಅವರು ಓ.ಎಸ್. ಕಾರ್ಖಾನೆಯ ಸುಮಾರು ೧೦ ಘನ ಸೆಂಟಿಮೀಟರಿನ ನಾಲ್ಕು ಸ್ಟ್ರೋಕಿನ ಎಂಜಿನನ್ನು ತೆಗೆದುಕೊಂಡು, ಗ್ಲೋ ಪ್ಲಗ್ಗನ್ನು ಬಿಟ್ಟು ಕಿಡಿಯನ್ನು ಅಳವಡಿಸಿ, ಶಿಬಿರದ ಲಾಂದ್ರಗಳಿಗೆ ಬಳಸುವ ಇಂಧನದಿಂದ ಓಡಿಸಿದರು. ೧೯೪೭ರಲ್ಲಿ ತೂಕಕ್ಕಾಗಿ ಕೈಬಿಟ್ಟ ಕಿಡಿಯೇ ಮಿತವ್ಯಯಕ್ಕಾಗಿ ಮರಳಿ ಬಂದುದು ಗಮನಾರ್ಹ. ಹಿಂದಿನ ಹಲವು ಯತ್ನಗಳು ವಿಫಲವಾದಮೇಲೆ, ೨೦೦೩ರ ಆಗಸ್ಟ್ ೯ರಂದು ನ್ಯೂಫೌಂಡ್‌ಲೆಂಡಿನ ಕೇಪ್ ಸ್ಪಿಯರಿನಿಂದ ಹೊರಟ ಮಾದರಿಯು ಆಗಸ್ಟ್ ೧೧ರಂದು ಐರ್ಲೆಂಡಿನ ಕ್ಲಿಫ್ಡೆನ್ ಬಳಿಯಲ್ಲಿ ಇಳಿಯಿತು. ಹಾರಾಟದ ಅವಧಿ ೩೮ ಗಂಟೆ ೫೨ ನಿಮಿಷ. ದೂರ ಸುಮಾರು ೩,೦೩೦ ಕಿಲೋಮೀಟರ್. ಹೊರಟಾಗಿನ ತೂಕದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಇಂಧನವೇ ಆಗಿದ್ದಿತು. ೧೯೧೯ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಡೆಬಿಡದೆ ಅಟ್ಲಾಂಟಿಕನ್ನು ಮೊದಲು ದಾಟಿ ಇಳಿದುದೂ ಆ ಕ್ಲಿಫ್ಡೆನ್ ಬಳಿಯಲ್ಲಿಯೇ. ಆ ವೇಳೆಗೆ ಹಿಲ್ ಅವರಿಗೆ ೭೭ ವರ್ಷ; ದೃಷ್ಟಿಯು ಬಹುಮಟ್ಟಿಗೆ ಹೋಗಿದ್ದಿತು, ಕಿವಿಯೂ ಮಂದವಾಗಿದ್ದಿತು.

೭

ಈ ಚರಿತ್ರೆಗೂ ನಮ್ಮ ದೇಶಕ್ಕೂ ಸಂಬಂಧವಿಲ್ಲದಿಲ್ಲ. ಜಗತ್ತಿನಲ್ಲಿ ಹರಳನ್ನು ಅತ್ಯಧಿಕವಾಗಿ ಬೆಳೆಯುವ ದೇಶವು ಭಾರತವೇ. ನಮ್ಮ ಅಜ್ಜಿಯಂದಿರು ದೀಪಕ್ಕೂ ನೆತ್ತಿಗೂ ಬಳಸಿದ ಹರಳೆಣ್ಣೆಯು ಮೆಥನಾಲಿನಲ್ಲಿ ಚೆನ್ನಾಗಿ ಬೆರೆಯುತ್ತದೆ. ಅತಿಯಾಗಿ ಕಾದಾಗ ಇತರ ಎಣ್ಣೆಗಳಂತೆ ಒಮ್ಮೆಗೇ ಸುಟ್ಟುಹೋಗದೆ ಲೋಹದ ಮೇಲೆ ಜಾರುವ ಪದರವಾಗಿ ಅಂಟಿಕೊಳ್ಳುತ್ತದೆ. ಮೊದಲನೆಯ ಮಹಾಯುದ್ಧದ ಗ್ನೋಮ್ ಎಂಜಿನುಗಳಲ್ಲಿ ಇದನ್ನೇ ಬಳಸಿದರು. ವಿಶ್ವ ಸ್ಪರ್ಧೆಯ ನಿಯಮದಲ್ಲಿ ಹೆಸರು ಹಿಡಿದು ಸೇರಿಸಿರುವುದೂ ಇದನ್ನೇ. ೧೯೪೮ರಲ್ಲಿ ಸ್ಥಾಪಿತವಾದ ಎನ್.ಸಿ.ಸಿ.ಯ ವಾಯುದಳವು ಮಾದರಿ ವಿಮಾನಗಳ ರಚನೆಯನ್ನು ಕೆಡೆಟ್ಟುಗಳ ಶಿಕ್ಷಣದಲ್ಲಿ ಸೇರಿಸಿತು. ಕಲ್ಕತ್ತೆಯಲ್ಲಿ ತಯಾರಾದ ‘ಅರೋರಾ’ ಎಂಜಿನುಗಳು ಎಷ್ಟೋ ಕೆಡೆಟ್ಟುಗಳ ಬೆರಳಿಗೆ ಪ್ರೊಪೆಲರಿನ ಏಟಿನ ರುಚಿಯನ್ನು ತೋರಿಸಿದವು.

೨೦೦೦ದ ಅನಂತರ ಲಿಥಿಯಂ ಬ್ಯಾಟರಿ, ವಿದ್ಯುತ್ ಮೋಟಾರುಗಳು ಹಗುರವಾಗಿಯೂ ಬಲವಾಗಿಯೂ ಬಂದಮೇಲೆ ಈ ಎಂಜಿನುಗಳ ಬಳಕೆಯು ಇಳಿಮುಖವಾಯಿತು. ಕಾಕ್ಸ್ ಸಂಸ್ಥೆಯು ಅದಕ್ಕೆ ಮುಂಚೆ, ೧೯೯೬ರಲ್ಲಿಯೇ, ಬೇರೆಯವರ ಕೈಸೇರಿತ್ತು. ವಿದ್ಯುತ್ ಮೋಟಾರಿಗೆ ಸೂಜಿಯಿಲ್ಲ, ಶ್ರುತಿಯಿಲ್ಲ. ಗುಂಡಿಯನ್ನು ಒತ್ತಿದರೆ ತಿರುಗುತ್ತದೆ. ಸದ್ದಿಲ್ಲದ, ಹೊಗೆಯಿಲ್ಲದ ಈ ಬದಲಾವಣೆಯು ಹಲವು ರೀತಿಯಲ್ಲಿ ಒಳಿತೇ ಸರಿ. ಅದಕ್ಕಾಗಿ ಹಳಹಳಿಸುವುದು ಚರಿತ್ರಕಾರನ ಕೆಲಸವಲ್ಲ.

ಆದರೆ ಅವನಿಗೆ ಬೇರೊಂದು ಕೆಲಸವಿದೆ. ಸನ್ನೆಕೋಲಿನಿಂದ ತಿರುಪಿಗೆ, ತಿರುಪಿನಿಂದ ರಸಾಯನಕ್ಕೆ, ರಸಾಯನದಿಂದ ಕೊಳವೆಗೆ ಹದಗೊಳಿಸುವ ವಿದ್ಯೆಯು ಸಾಗಿಬಂದುದನ್ನು ನೋಡಿದೆವು. ಪ್ರತಿ ತಿರುವಿನಲ್ಲಿಯೂ ಒಂದು ನಿರ್ಬಂಧವು ದಾರಿಯನ್ನು ಗೊತ್ತುಮಾಡಿತು, ಅಸಂಖ್ಯಾತ ಅನಾಮಿಕರು ಅದನ್ನು ನಡೆದು ಹಸನುಮಾಡಿದರು. ಅವರ ಅರಿವಿನ ಬಹುಭಾಗವು ಬರಹಕ್ಕೆ ಇಳಿಯಲೇ ಇಲ್ಲ. ದನಿಯು ಎಲ್ಲಿ ಒಡೆಯುತ್ತದೆ, ಸೂಜಿಯನ್ನು ಎಷ್ಟು ಹಿಂದಕ್ಕೆ ತಿರುಗಿಸಬೇಕು ಎಂಬುದನ್ನು ಪುಸ್ತಕದಲ್ಲಿ ಓದಿದವನು ತಿಳಿದಿರುವನು, ಕೇಳಿದವನು ಅರಿತಿರುವನು. ಕಾಡೆನ್‌ರಂತಹವರ ಹೆಸರು ಉಳಿದುದು ಪಲಾಯನದ ಕಥೆಯೊಂದು ಅದಕ್ಕೆ ಅಂಟಿಕೊಂಡಿರುವುದರಿಂದ. ಅಂತಹ ಕಥೆಯಿಲ್ಲದವರ ಅರಿವು ಅವರೊಡನೆಯೇ ಮುಗಿಯುತ್ತದೆ.

ನಮ್ಮ ಕಾಲೇಜುಗಳ ಉಗ್ರಾಣಗಳಲ್ಲಿಯೂ ಹಳೆಯ ಕೆಡೆಟ್ಟುಗಳ ಮನೆಗಳಲ್ಲಿಯೂ ಇಂತಹ ಎಂಜಿನುಗಳು ಹರಳೆಣ್ಣೆಯ ಅಂಟಿನಲ್ಲಿ ಹೂತು ಬಿದ್ದಿರಬಹುದು. ಅರದಿಂದ ತಿದ್ದಿದ ದ್ವಾರ, ತಲೆಯ ಕೆಳಗಿನ ಬಳೆಗಳ ಸಂಖ್ಯೆ, ಪಿಸ್ಟನ್ನಿನ ಸವಕಳಿಯ ಗುರುತು ಇವೆಲ್ಲವೂ ಓದಬಲ್ಲವರಿಗೆ ಲಿಪಿಗಳೇ. ಶಾಸನವನ್ನು ಓದಲು ಕಲಿಸುವ ನಾವು ಇವನ್ನು ಓದಲೂ ನಮ್ಮ ವಿದ್ಯಾರ್ಥಿಗಳಿಗೆ ಕಲಿಸಬಹುದು. ಶಾಸನವಾದರೋ ಇನ್ನೂ ಶತಮಾನಗಳ ಕಾಲ ಕಾಯಬಲ್ಲದು. ಎಂಜಿನಿನ ದನಿಯನ್ನು ಕೇಳಿ ಹದವನ್ನು ಹೇಳಬಲ್ಲವರು ಅಷ್ಟು ಕಾಲ ಕಾಯಲಾರರು. ಅವರು ನಮ್ಮ ನಡುವೆ ಇರುವಾಗಲೇ ಅವರ ಮಾತನ್ನು ಕೇಳಿ ಬರೆದಿಟ್ಟುಕೊಳ್ಳುವುದು ಚರಿತ್ರೆಯ ವಿಭಾಗಗಳ ಕರ್ತವ್ಯಗಳಲ್ಲಿ ಒಂದೆಂದು ನಾವು ತಿಳಿಯುತ್ತೇವೆ.